ಶನಿವಾರದ ಎಣ್ಣೆ

ಅಪೇಕ್ಷಾಳ ಜಡೆಯನ್ನು ಹೆತ್ತ ತಂದೆಗಿಂತ ಹೆಚ್ಚು ಸಲ ನೋಡಿದವರು ಬ್ರೆಜಿಲಿನಲ್ಲಿದ್ದಾರೆ. ಇದು ಅವಳಮ್ಮ ಜಾಹ್ನವಿ ಒಂದು ಕಾಲದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ನೈರೋಬಿಯ ಕನ್ನಡದವರೆಲ್ಲ ಸೇರುವ ಯುಗಾದಿ ಊಟದಲ್ಲಿ, ಹೋಳಿಗೆಗೆ ಸಾಲು ನಿಂತವರ ಮುಂದೆ ಇದನ್ನೇ ಹೇಳಿ ನಗಿಸಿದ್ದಳು. ಈಗ ಯಾರಾದರೂ ಆ ಮಾತೆತ್ತಿದರೆ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿದುಬಿಡುತ್ತಾಳೆ. ಜನ ಅವಳಿಗೆ ಜಂಬ ಬಂತು ಎಂದುಕೊಳ್ಳುತ್ತಾರೆ. ಜಂಬ ಬಂದದ್ದೂ ನಿಜ, ಆದರೆ ಅದು ಬಂದು ಹೋಗಿ ಆಗಿದೆ.

ಜಾಹ್ನವಿ ಮೈಸೂರಿನ ಪ್ರೈಮರಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು. ಗಂಡ ಸುನಿಲನಿಗೆ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುಜರಾತಿಗಳು ನಡೆಸುವ ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಸಿಕ್ಕಾಗ ಮಗಳಿನ್ನೂ ತೊದಲುತ್ತಿದ್ದಳು. ಕಾರ್ಖಾನೆಗೆ ಹತ್ತಿರವೆಂದು ಸೌತ್ ಬಿ ಎಂಬ ಬಡಾವಣೆಯಲ್ಲಿ ಮನೆ ಮಾಡಿದರು. ಗಂಡನ ಪರ್ಮಿಟ್ಟಿನ ಸೆರಗು ಹಿಡಿದು ಬಂದ ಹೆಂಡತಿಯರಿಗೆ ಇಲ್ಲಿ ಇರುವುದಕ್ಕೆ ಅನುಮತಿ ಉಂಟು, ದುಡಿಯುವುದಕ್ಕೆ ಇಲ್ಲ. ಇಡೀ ದಿನ ಮಕ್ಕಳ ಗದ್ದಲದಲ್ಲಿ ಮುಳುಗಿದ್ದ ಹೆಂಗಸು ಮಹಡಿ ಮನೆಯೊಂದರಲ್ಲಿ ಬಟ್ಟೆ ಮಡಿಸುತ್ತ ಕೂತಳು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಷ್ಟು ಸ್ವಾಹಿಲಿ ಕಲಿತಳು, ಗೇಟಿನ ಕಾವಲುಗಾರನಿಗೆ ಸವಾ, ಅಂದರೆ ಸರಿ, ಎಂದು ಕೈಯೆತ್ತುವುದನ್ನು ಕಲಿತಳು. ಅದರಾಚೆಗೆ ಅವಳ ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಹೆಚ್ಚಿರಲಿಲ್ಲ. ಎಲ್ಲ ಕಡೆಯೂ ಅವಳು ಮಿಸೆಸ್ ಸುನಿಲ್, ಇಲ್ಲವೇ ಅಪೇಕ್ಷಾಳ ಮಮ್ಮಿ.

ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಕಿವಿಯಲ್ಲಿರುತ್ತದೆ, ಬಾಯಲ್ಲಿರುವುದಿಲ್ಲ. ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಅದೂ ಒಂದೇ ಪದ. ಶಾಲೆ ಹೇಗಿತ್ತು ಅಂದರೆ ಫೈನ್. ಡಬ್ಬಿ ಖಾಲಿ ಮಾಡಿದೆಯಾ ಅಂದರೆ ಯಾ. ಆಮೇಲೆ ರೂಮಿನ ಬಾಗಿಲು. ಅಪೇಕ್ಷಾ ಕೂಡ ಹಾಗೆಯೇ ಇದ್ದಳು, ವಾರದ ಆರು ದಿನ.

ಏಳನೆಯದು ಶನಿವಾರ, ತಲೆಗೆ ಎಣ್ಣೆ ಹಚ್ಚುವ ದಿನ. ಹೆಣ್ಣುಮಕ್ಕಳಿಗೆ ಮಂಗಳವಾರ, ಶುಕ್ರವಾರ. ಶನಿವಾರ ಗಂಡಸರದು ಎಂದು ಅತ್ತೆ ಮೈಸೂರಿನಿಂದ ಫೋನಿನಲ್ಲಿ ಗೊಣಗಿದ್ದರು. ಬೆಳಗಾಗುವುದರೊಳಗೆ ಸ್ಕೂಲ್ ಬಸ್ಸು ಬಂದು ಹಾರನ್ ಹೊಡೆಯುವ ಊರಿನಲ್ಲಿ ಶಾಸ್ತ್ರವೇ ಕೊಂಚ ಸರಿದು ಕೂರಬೇಕಾಯಿತು. ಬಾಲ್ಕನಿಯ ಬಾಗಿಲಲ್ಲಿ ಬಿಸಿಲು ಬೀಳುವ ಕಡೆ ಜಾಹ್ನವಿ ಬೆತ್ತದ ಮೋಡಾದ ಮೇಲೆ ಕೂರುವಳು. ಮಗಳು ಕೆಳಗೆ ಚಾಪೆಯ ಮೇಲೆ, ಅಮ್ಮನ ಮೊಣಕಾಲುಗಳ ನಡುವೆ. ಮೆಂತ್ಯ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಇಲ್ಲಿಯ ಜುಲೈ ಚಳಿಯಲ್ಲಿ ಅದು ಬಟ್ಟಲಲ್ಲೇ ಹೆಪ್ಪುಗಟ್ಟುತ್ತಿತ್ತು, ಒಲೆಯ ಪಕ್ಕ ಇಟ್ಟು ಕರಗಿಸಿಕೊಳ್ಳಬೇಕು. ಎಡದ ಅಂಗೈ ತುಂಬ ಸುರಿದುಕೊಂಡು, ನೆತ್ತಿಗೆ ತಪತಪ ತಟ್ಟಿ, ಬೆರಳ ತುದಿಯಿಂದ ಬುಡಬುಡಕ್ಕೂ ಇಳಿಸಿ, ಸೊಂಟದಿಂದ ಕೆಳಗಿಳಿದ ಕೂದಲಿನ ಸಿಕ್ಕನ್ನು ಮರದ ಬಾಚಣಿಗೆಯಿಂದ ಬಿಡಿಸುವಷ್ಟರಲ್ಲಿ ಬಿಸಿಲು ಚಾಪೆಯಿಂದ ಗೋಡೆಗೆ ಸರಿದಿರುತ್ತಿತ್ತು.

ಎಣ್ಣೆ ನೆತ್ತಿಗೆ ಬಿದ್ದರೆ ಮಗಳ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದೆ ಇದ್ದುದೇ ಅದಕ್ಕೆ ಕಾರಣವೋ ಏನೋ. ಅರ್ಧ ಇಂಗ್ಲಿಷು, ಅರ್ಧ ಮುರುಕು ಕನ್ನಡ. ಗಣಿತದ ಟೀಚರಿಗೆ ತನ್ನನ್ನು ಕಂಡರೆ ಆಗುವುದಿಲ್ಲ, ಗೆಳತಿ ಶೆರಿಲ್ ಮಾತು ಬಿಟ್ಟಿದ್ದಾಳೆ, ಬಸ್ಸಿನಲ್ಲಿ ಕೂರಲು ಜಾಗ ಕೊಡಲಿಲ್ಲ, ಸತ್ತವರು ಎಲ್ಲಿಗೆ ಹೋಗುತ್ತಾರೆ, ಅಪ್ಪನಿಗೆ ಯಾಕಷ್ಟು ಕೋಪ. ಮೊದಲ ಸಲ ಮುಟ್ಟಾದದ್ದನ್ನೂ ಹೇಳಿದ್ದು ಎಣ್ಣೆಗೆ ಕೂತಾಗಲೇ, ಎರಡು ದಿನ ಬಚ್ಚಿಟ್ಟುಕೊಂಡು ಶನಿವಾರಕ್ಕೆ ಕಾದು. ಜಾಹ್ನವಿ ಹೂಂ ಹೂಂ ಎನ್ನುತ್ತ ಬಾಚುತ್ತಿದ್ದಳು. ತಾಯಿ ಮಗಳ ನಡುವಿನ ವಾರದ ಲೆಕ್ಕವೆಲ್ಲ ಆ ಚಾಪೆಯ ಮೇಲೆ ಚುಕ್ತಾ ಆಗುತ್ತಿತ್ತು.

ಅಂಥ ಚಾಪೆಯ ಪಕ್ಕ ಮೈಕು ತಂದಿಟ್ಟವಳೂ ಅವಳೇ. ಅದು ಹೇಗಾಯಿತೆಂದರೆ, ಕೋವಿಡ್ ಬಂದು ನೈರೋಬಿಯೊಳಗೆ ಬರುವ ಹೋಗುವ ದಾರಿಗಳನ್ನೆಲ್ಲ ಮುಚ್ಚಿದ ವರ್ಷ ಸುನಿಲನ ಕಾರ್ಖಾನೆಗೆ ಮಾತ್ರ ಬಿಡುವಿರಲಿಲ್ಲ. ಮಗಳು ಒಳಗೆ ಆನ್‌ಲೈನ್ ಕ್ಲಾಸಿನಲ್ಲಿ. ಜಾಹ್ನವಿಗೆ ಎದೆಯೊಳಗೆ ಏನೋ ಸದಾ ಓಡುತ್ತಿರುವ ಹಾಗೆ, ಕೂತಲ್ಲಿ ಕೂರಲಾಗದ ಹಾಗೆ. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಒಬ್ಬ ಹೆಂಗಸು ಒಗೆದ ಟವೆಲ್ಲುಗಳನ್ನು ಸುಮ್ಮನೆ ಮಡಿಸುವ ವಿಡಿಯೋ ಸಿಕ್ಕಿತು. ಮಾತಿಲ್ಲ, ಹಾಡಿಲ್ಲ. ಬಟ್ಟೆಯ ಮೇಲೆ ಅಂಗೈ ಸವರುವ ಸದ್ದು ಮಾತ್ರ. ಇಯರ್‌ಫೋನಿನಲ್ಲಿ ಅದನ್ನು ಕೇಳುತ್ತಿದ್ದ ಹಾಗೆ ಜಾಹ್ನವಿಗೆ ಹಿಂದಲೆಯಿಂದ ಬೆನ್ನಿನವರೆಗೂ ಜುಮ್ಮೆಂದಿತು.

ಎ.ಎಸ್.ಎಂ.ಆರ್. ಎಂದು ಇದಕ್ಕೆ ಇಂಗ್ಲಿಷಿನಲ್ಲೊಂದು ಹೆಸರಿದೆ, ಬಿಡಿಸಿ ಹೇಳಿದರೆ ಯಾವುದೋ ಕಾಯಿಲೆ ಇರಬೇಕು ಅನ್ನಿಸುತ್ತದೆ. ನಮಗೆ ಜುಮ್ಮೆನ್ನುವುದು ಎಂದರೆ ಸಾಕು. ಚಿಕ್ಕಂದಿನಲ್ಲಿ ಬಳೆಗಾರ ಕೈಯನ್ನು ಮೆತ್ತಗೆ ಹಿಚುಕಿ ಬಳೆ ಏರಿಸುವಾಗ ಆಗುತ್ತಿದ್ದದ್ದು ಅದೇ. ಪಕ್ಕದ ಮನೆಯ ಅಜ್ಜಿ ತಲೆಯಲ್ಲಿ ಹೇನು ನೋಡುವಾಗ, ಟೀಚರು ನಮ್ಮದೇ ನೋಟ್‌ಬುಕ್ ತಿದ್ದುತ್ತ ಪೆನ್ಸಿಲ್ ಗೀಚುವಾಗ ಆಗುತ್ತಿದ್ದದ್ದೂ ಅದೇ. ಅದಕ್ಕೊಂದು ಹೆಸರಿದೆ, ಅದಕ್ಕಾಗಿ ಜಗತ್ತಿನ ತುಂಬ ಜನ ಹಂಬಲಿಸುತ್ತಾರೆ ಎಂಬುದು ಜಾಹ್ನವಿಗೆ ಗೊತ್ತಿರಲಿಲ್ಲ. ಅಂದು ಅವಳು ಬಹಳ ದಿನಗಳ ನಂತರ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು.

ಕೇಳುತ್ತ ಕೇಳುತ್ತ ತಾನೂ ಮಾಡಬಹುದಲ್ಲ ಅನ್ನಿಸಿತು. 'ಮೆಲ್ಲಗೆ' ಎಂದು ಚಾನೆಲ್ಲಿಗೆ ಹೆಸರಿಟ್ಟಳು. ಮೊರದಲ್ಲಿ ಅಕ್ಕಿ ಆರಿಸುವುದು, ಬಟಾಣಿ ಸುಲಿಯುವುದು, ಕನಕಾಂಬರ ಸಿಗದ ಊರಿನಲ್ಲಿ ಸಿಕ್ಕಿದ ಹೂವನ್ನೇ ಕಟ್ಟುವುದು. ಸೌತ್ ಬಿ ಸುಲಭಕ್ಕೆ ಬಗ್ಗುವ ಊರಲ್ಲ. ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾಡು ಗೋಡೆ ನಡುಗಿಸುತ್ತಿತ್ತು, ತಲೆಯ ಮೇಲೆ ಚಿಕ್ಕ ವಿಮಾನಗಳು. ಎಲ್ಲ ತಣ್ಣಗಾಯಿತು ಎನ್ನುವಾಗ ಉದ್ದ ಕೊಕ್ಕಿನ ಹಡಾಡಾ ಹಕ್ಕಿಗಳು ಮಹಡಿಯ ಮೇಲೆ ಇಳಿದು, ಯಾರೋ ಕೊಲ್ಲುತ್ತಿದ್ದಾರೆ ಎಂಬಂತೆ ಅರಚುತ್ತಿದ್ದವು. ಬೈಯುತ್ತ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ನೋಡುವವರು ಮಾತ್ರ ಬೆರಳೆಣಿಕೆಯಷ್ಟು, ಅದರಲ್ಲಿ ಅರ್ಧ ಮೈಸೂರಿನ ನೆಂಟರು.

ಹಾಗಿರುವಾಗ ಒಂದು ಶನಿವಾರ, ಸುಮ್ಮನೆ ಇರಲಿ ಎಂದು, ಮಗಳ ತಲೆ ಬಾಚುವುದನ್ನು ಮೊಬೈಲಿಗೆ ಹಿಡಿದಳು. ಆಗಿನ್ನೂ ಹನ್ನೊಂದು ತುಂಬಿದ ಹುಡುಗಿ, ಅವಳಿಗೂ ತಮಾಷೆ. ಮುಖ ಕಾಣದು, ಬೆನ್ನು, ಕೂದಲು, ಅಮ್ಮನ ಎರಡು ಕೈ. ಆ ವಿಡಿಯೋ ಹೇಗೆ ಯಾರ ಕಣ್ಣಿಗೆ ಬಿತ್ತೋ, ತಿಂಗಳೊಳಗೆ ಊರೂರು ಸುತ್ತಿತು. ಬ್ರೆಜಿಲಿನವರು ಬರೆದರು, ಕೊರಿಯಾದವರು ಬರೆದರು. ಕೀಮೋ ಮಾಡಿಸಿಕೊಂಡು ಕೂದಲು ಕಳೆದುಕೊಂಡ ಯಾರೋ ಒಬ್ಬಳು, ಇದನ್ನು ನೋಡುತ್ತ ತನ್ನ ತಲೆಯನ್ನೇ ಯಾರೋ ಬಾಚಿದ ಹಾಗಾಯಿತು ಎಂದು ಬರೆದಳು. ಮನಿಲಾದ ನರ್ಸ್ ಒಬ್ಬಳು ಡ್ಯೂಟಿ ಮುಗಿಸಿ ಬಂದು ಇದನ್ನು ಹಾಕಿಕೊಂಡೇ ಮಲಗುತ್ತೇನೆ ಎಂದಳು. ಜಾಹ್ನವಿ ಅವನ್ನೆಲ್ಲ ಓದಿ ಅಡುಗೆಮನೆಯಲ್ಲಿ ನಿಂತು ಅತ್ತಳು. ಅವಳನ್ನು ದೂರಬೇಕೆಂದರೆ ದೂರಬಹುದು, ಆದರೆ ಆ ಅಳುವನ್ನು ದೂರಲಾಗದು. ಈ ಊರಿಗೆ ಬಂದ ಮೇಲೆ ಮೊದಲ ಸಲ ಅವಳು ಯಾರಿಗೋ ಬೇಕಾಗಿದ್ದಳು.

ಸುನಿಲ್ ಒಳ್ಳೆಯ ಮೈಕು ತಂದುಕೊಟ್ಟ. ಎರಡು ಕಿವಿಗೆ ಎರಡು ಬಗೆಯಾಗಿ ಕೇಳಿಸುವಂಥದ್ದು. ಶನಿವಾರದ ಎಣ್ಣೆ ಅಂದಿನಿಂದ ಶೂಟಿಂಗ್ ಆಯಿತು. ಬಳೆ ಬಿಚ್ಚಿಡಬೇಕು, ಫ್ರಿಜ್ ಆಫ್ ಮಾಡಬೇಕು, ಕಿಟಕಿಗಳಿಗೆ ಕಂಬಳಿ. ಮತ್ತು ಮಾತಾಡಬಾರದು. ಜನರಿಗೆ ಬೇಕಾದದ್ದು ಬಾಚಣಿಗೆಯ ಸದ್ದು, ಎಣ್ಣೆ ತಟ್ಟುವ ಸದ್ದು. ಒಂದು ವಿಡಿಯೋದಲ್ಲಿ ಮಗಳ ಮಾತು ಸೇರಿಹೋಗಿ, ಅರೆನಿದ್ದೆಯಲ್ಲಿದ್ದವರು ಎಚ್ಚರವಾಯಿತೆಂದು ಮುನಿಸಿಕೊಂಡು ಬರೆದಿದ್ದರು. ಅಂದಿನಿಂದ ಪ್ರತಿ ವಿಡಿಯೋದ ಹೆಸರಿನ ಕೆಳಗೆ, ಇದರಲ್ಲಿ ಮಾತಿಲ್ಲ ಎಂದು ಜಾಹ್ನವಿ ಬರೆಯತೊಡಗಿದಳು.

ಹುಡುಗಿಗೆ ಅಭ್ಯಾಸ ತಪ್ಪಲು ಸಮಯ ಹಿಡಿಯಿತು. ಎಣ್ಣೆ ಬಿದ್ದ ಕೂಡಲೇ ಅಮ್ಮಾ ಎಂದು ಶುರು ಮಾಡಿಬಿಡುತ್ತಿದ್ದಳು. ಜಾಹ್ನವಿ ಬಾಚಣಿಗೆಯ ಹಿಂಬದಿಯಿಂದ ಅವಳ ಹೆಗಲಿಗೆ ಮೆಲ್ಲಗೆ ಎರಡು ತಟ್ಟುವಳು.

"ಶ್... ಆಮೇಲೆ ಹೇಳು ಪುಟ್ಟಿ."

ಆಮೇಲೆ ಎಂದರೆ ತಲೆಗೆ ನೀರು ಹಾಕಿಕೊಂಡ ಮೇಲೆ. ಅಷ್ಟು ಹೊತ್ತಿಗೆ ಜಾಹ್ನವಿ ಕಿವಿಗೆ ಹೆಡ್‌ಫೋನು ಏರಿಸಿ ರೆಕಾರ್ಡಿಂಗ್ ಸರಿ ಬಂದಿದೆಯೇ ಎಂದು ನೋಡುತ್ತ ಕೂತಿರುತ್ತಿದ್ದಳು. ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಮಗಳು ಬಂದು ನಿಂತರೆ, ತಲೆಯೆತ್ತದೆ ಅಂಗೈ ತೋರಿಸುವಳು, ಒಂದು ನಿಮಿಷ ಅಂತ. ಹುಡುಗಿ ಆ ಒಂದು ನಿಮಿಷ ನಿಂತು, ರೂಮಿಗೆ ಹೋಗುವಳು. ಕೆಲವು ತಿಂಗಳಲ್ಲಿ ತಟ್ಟುವ ಅಗತ್ಯವೂ ಉಳಿಯಲಿಲ್ಲ. ಮಗಳು ತಾನೇ ಉಸಿರೆಳೆದುಕೊಂಡು, ಏನೋ ಹೇಳಹೊರಟವಳು ನೆನಪಾಗಿ ಸುಮ್ಮನಾಗುತ್ತಿದ್ದಳು. ಎಷ್ಟು ಜಾಣೆ ಎಂದು ಜಾಹ್ನವಿ ಸಂತೋಷಪಟ್ಟಳು. ಶಾಲೆಯಲ್ಲಿ ಪಾಠ ಹೇಳಿದ ಅಷ್ಟು ವರ್ಷಗಳಲ್ಲಿ ಯಾವ ಮಗುವಿಗೂ ಇಷ್ಟು ಬೇಗ ಬಾಯಿ ಮುಚ್ಚಲು ಕಲಿಸಿದ್ದಿಲ್ಲ ಎಂದು ಸುನಿಲನ ಮುಂದೆ ನಕ್ಕದ್ದೂ ಇದೆ.

ಅಪರೂಪಕ್ಕೆ ಬಾಯಿತಪ್ಪಿ ಬಂದ ಮಾತನ್ನು ಕಂಪ್ಯೂಟರಿನಲ್ಲಿ ಕತ್ತರಿಸುತ್ತಿದ್ದಳು. ಅದರಲ್ಲಿ ಅವಳ ಕೈ ಪಳಗಿತ್ತು. ಮಾತನ್ನು ಬುಡಸಮೇತ ಕಿತ್ತರೆ ಅಲ್ಲೊಂದು ಟಕ್ ಎಂಬ ಸದ್ದು ಉಳಿಯುತ್ತದೆ, ಕೇಳುವವರಿಗೆ ಚುಚ್ಚುತ್ತದೆ. ಅದಕ್ಕೆ ಮಾತಿನ ಹಿಂದಿನ ಉಸಿರನ್ನು ಹಾಗೇ ಬಿಟ್ಟು, ಅಲ್ಲಿಂದ ಬಾಚಣಿಗೆಯ ಸದ್ದಿಗೆ ಹೊಲಿಯುತ್ತಿದ್ದಳು. ಹೊಲಿಗೆ ಕಾಣಿಸುತ್ತಲೇ ಇರಲಿಲ್ಲ. ಕತ್ತರಿಸಿ ತೆಗೆದ ಚೂರುಗಳಲ್ಲಿ ಏನಿತ್ತು ಎಂದು ಅವಳು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೂ ಅದೆಲ್ಲ ಬೇಡದ ಸದ್ದು ಎಂದು ಮಾತ್ರ. ಹಡಾಡಾ ಹಕ್ಕಿಯ ಕೂಗನ್ನೂ ಮಗಳ ಮಾತನ್ನೂ ಒಂದೇ ಕತ್ತರಿಯಿಂದ ತೆಗೆದು ಒಂದೇ ಬುಟ್ಟಿಗೆ ಹಾಕಿದಳು.

ಹುಡುಗಿ ಬೆಳೆದಳು. ಲ್ಯಾವಿಂಗ್ಟನ್ನಿನ ಖಾಸಗಿ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಬಂದಳು. ಶನಿವಾರ ಬೆಳಿಗ್ಗೆ ಕರೆಯದೆಯೇ ಬಂದು ಚಾಪೆಯ ಮೇಲೆ ಕೂರುತ್ತಿದ್ದಳು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಅಲುಗಾಡದೆ. ಮುಗಿದ ಮೇಲೆ ಎದ್ದು ಹೋಗುತ್ತಿದ್ದಳು. ಒಂದು ಸಲ ಮಾತ್ರ, ಈ ವಾರ ಬೇಡ ಅಂದಳು. ಹಬ್ಬದ ವಾರ, ಜನ ಕಾಯುತ್ತಿರುತ್ತಾರೆ ಎಂದು ಜಾಹ್ನವಿ ರಮಿಸಿ ಕೂರಿಸಿದಳು. ಮಗಳು ವಾದ ಮಾಡಲಿಲ್ಲ. ವಾದ ಮಾಡದ ಮಕ್ಕಳನ್ನು ಕಂಡು ಹೆದರಬೇಕು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಕಳೆದ ವರ್ಷ ಮಳೆಗಾಲ ಶುರುವಾದ ಮೇಲೆ ಒಂದು ಶುಕ್ರವಾರ ಸಂಜೆ ಅಪೇಕ್ಷಾ ಸ್ಕೂಲ್ ಬಸ್ಸಿನಿಂದ ಮನೆಯ ಮುಂದೆ ಇಳಿಯದೆ ಮುಂದಿನ ನಿಲ್ದಾಣದಲ್ಲಿ ಇಳಿದಳು. ಅಲ್ಲಿ ಗಂಡಸರಿಗೆ ಕ್ಷೌರ ಮಾಡುವ ಅಂಗಡಿಯಿದೆ, ಇಲ್ಲಿಯವರು ಕಿನ್ಯೋಜಿ ಎನ್ನುವ ಅಂಥದ್ದು. ಮನೆಗೆ ಬಂದಾಗ ಅವಳ ಕಿವಿ ಎರಡೂ ಕಾಣುತ್ತಿದ್ದವು, ಕತ್ತು ಬೋಳಾಗಿತ್ತು. ಕೈಯಲ್ಲಿ ತರಕಾರಿ ತರುವ ಬಟ್ಟೆಯ ಚೀಲ. ಅದರೊಳಗಿಂದ ಇಡೀ ಜಡೆಯನ್ನು, ಹೆಣೆದದ್ದು ಹೆಣೆದ ಹಾಗೆಯೇ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿದ್ದನ್ನು ತೆಗೆದು ಮೈಕಿನ ಮುಂದಿಟ್ಟಳು. ಹಾಗೆ ಇಟ್ಟು, ಶುದ್ಧ ಕನ್ನಡದಲ್ಲಿ ಹೇಳಿದಳು:

"ತಗೋ ಅಮ್ಮ. ಇದನ್ನ ಬಾಚು. ಇದು ಮಾತಾಡಲ್ಲ."

ಜಾಹ್ನವಿಗೆ ಆ ಕ್ಷಣ ಕಂಡದ್ದು ಕೂದಲು ಮಾತ್ರ. ಅಷ್ಟು ವರ್ಷ ಸಾಕಿದ ಕೂದಲು. ಎಂಥ ಹಟಮಾರಿ, ಯಾರನ್ನು ಕೇಳಿ ಕತ್ತರಿಸಿದೆ ಎಂದು ಕೂಗಾಡಿದಳು, ಅತ್ತಳು, ಮೈಸೂರಿಗೆ ಫೋನ್ ಮಾಡಿ ಮತ್ತೆ ಅತ್ತಳು. ಸುನಿಲ್ ಶೂ ಬಿಚ್ಚುತ್ತ, ಕೂದಲು ತಾನೆ, ಬೆಳೆಯತ್ತೆ ಬಿಡು ಅಂದ. ಮಗಳು ಹೇಳಿದ ಮಾತು ಇಬ್ಬರ ಕಿವಿಯನ್ನೂ ಸವರಿಕೊಂಡು ಹೋಯಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಜೋರಾಗಿ ಸಹ ಅಲ್ಲ.

ಮಾರನೆಯ ದಿನ ಶನಿವಾರ. ಇಲ್ಲಿಂದ ಮುಂದಿನದನ್ನು ಹೇಳಲು ಹಿಂಜರಿಕೆಯಾಗುತ್ತದೆ, ಆದರೆ ನಡೆದದ್ದು ನಡೆದದ್ದೇ. ಸುನಿಲ್ ಮಗಳನ್ನು ಸಮಾಧಾನ ಮಾಡಲೆಂದು ಹೊರಗೆ ತಿಂಡಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಜಾಹ್ನವಿ ಒಬ್ಬಳೇ. ಜನ ಕಾಯುತ್ತಿದ್ದಾರೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಕುರ್ಚಿಯ ಬೆನ್ನಿಗೆ ಮಗಳ ಹಳೆಯ ಕುರ್ತಾ ತೊಡಿಸಿ, ಜಡೆ ಬಿಚ್ಚಿ, ಕೂದಲನ್ನು ಅದಕ್ಕೆ ಕಟ್ಟಿ, ಮೇಲಿನ ಗಂಟು ಕಾಣದಂತೆ ಕ್ಯಾಮೆರಾ ಇಟ್ಟಳು. ಎಣ್ಣೆ ಹಚ್ಚಿ ಬಾಚಿದಳು. ಯಾವ ಅಡ್ಡಿಯೂ ಇರಲಿಲ್ಲ. ಕುರ್ಚಿ ಅಲುಗಾಡಲಿಲ್ಲ, ಕೆಮ್ಮಲಿಲ್ಲ, ಕತ್ತು ನೋಯುತ್ತದೆ ಎನ್ನಲಿಲ್ಲ. ಕತ್ತರಿಸುವಂಥದ್ದು ಏನೂ ಇಲ್ಲದೆ ಅಂದೇ ವಿಡಿಯೋ ಹಾಕಿದಳು. ಇಷ್ಟು ನುಣುಪಾದ ವಿಡಿಯೋ ಹಿಂದೆ ಆಗಿರಲಿಲ್ಲ ಎಂದು ಒಳಗೊಳಗೇ ಅನ್ನಿಸಿತು ಕೂಡ.

ಸೋಮವಾರ ಬೆಳಿಗ್ಗೆ ಗಂಡ, ಮಗಳು ಹೋದ ಮೇಲೆ ಕಾಫಿ ಹಿಡಿದು ಕಮೆಂಟು ಓದಲು ಕೂತಳು. ಮನಿಲಾದ ನರ್ಸ್ ಬರೆದಿದ್ದಳು. ಎಂದಿನಂತೆ ಚೆನ್ನಾಗಿದೆ, ಆದರೆ ಆ ಚಿಕ್ಕ ಉಸಿರು ಈ ಸಲ ಕೇಳಿಸಲಿಲ್ಲ. ಉಳಿದೆಲ್ಲ ವಿಡಿಯೋಗಳಲ್ಲಿ ನಿನ್ನ ಹುಡುಗಿ ಏನೋ ಹೇಳಹೊರಟವಳ ಹಾಗೆ ಉಸಿರೆಳೆದುಕೊಳ್ಳುತ್ತಾಳೆ. ಅದನ್ನು ಕೇಳಿದರೆ ರೂಮಿನಲ್ಲಿ ಯಾರೋ ನನ್ನ ಜೊತೆ ಮಾತಾಡಲಿದ್ದಾರೆ ಅನ್ನಿಸುತ್ತದೆ. ಅವಳು ಆರೋಗ್ಯವಾಗಿದ್ದಾಳೆ ತಾನೆ? ಅದರ ಕೆಳಗೆ ಇನ್ನೂ ಕೆಲವರು ಹೌದು, ಆ ಉಸಿರು ಎಲ್ಲಿ ಎಂದು ಕೇಳಿದ್ದರು.

ಜಾಹ್ನವಿ ಕಾಫಿ ಕೆಳಗಿಟ್ಟಳು. ಹೆಡ್‌ಫೋನು ಹಾಕಿಕೊಂಡು ಹಳೆಯ ವಿಡಿಯೋ ಒಂದನ್ನು ತೆರೆದಳು. ಸರ್ ಸರ್ ಎಂದು ಬಾಚಣಿಗೆ, ನಡುವೆ ಒಂದು ಉಸಿರು, ಮತ್ತೆ ಬಾಚಣಿಗೆ. ಇನ್ನೊಂದು ತೆರೆದಳು. ಅದರಲ್ಲೂ ಇತ್ತು. ಬೇಸಿಗೆಯದು, ಹಬ್ಬದ್ದು, ಜುಲೈ ಚಳಿಯದು, ಯಾವುದನ್ನು ತೆರೆದರೂ ಎಲ್ಲೋ ಒಂದು ಕಡೆ ಮಗಳು ಉಸಿರೆಳೆದುಕೊಳ್ಳುತ್ತಿದ್ದಳು. ಮೊದಲಿನವುಗಳಲ್ಲಿ ಮತ್ತೆ ಮತ್ತೆ, ಆಮೇಲಾಮೇಲೆ ಅಪರೂಪಕ್ಕೆ. ಒಂದರಲ್ಲಿ ಉಸಿರು ನಡುಗುತ್ತಿತ್ತು. ಅದನ್ನು ತನ್ನ ಕೈಯಿಂದಲೇ ಹೊಲಿದದ್ದು ನೆನಪಾಯಿತು; ಅದರ ಮುಂದೆ ಇದ್ದ ಮಾತು ಏನೆಂದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಮೂಲ ರೆಕಾರ್ಡಿಂಗುಗಳನ್ನು ಅವಳು ಜಾಗ ಸಾಲದೆಂದು ಆಗಿಂದಾಗ್ಗೆ ಅಳಿಸಿಹಾಕುತ್ತಿದ್ದಳು. ಕುರ್ಚಿಯ ವಿಡಿಯೋವನ್ನು ಆಗಲೇ ತೆಗೆದುಹಾಕಿದಳು.

ಸಂಜೆ ಮಗಳು ಬಂದಾಗ ಅವಲಕ್ಕಿ ಒಗ್ಗರಣೆ ಮಾಡಿಟ್ಟು ಎದುರು ಕೂತಳು. ಕೇಳುವುದು ಹೇಗೆಂದೇ ತಿಳಿಯಲಿಲ್ಲ.

"ಪುಟ್ಟಿ, ಆವಾಗೆಲ್ಲ ಎಣ್ಣೆ ಹಚ್ಚಬೇಕಾದ್ರೆ ಏನೋ ಹೇಳಕ್ಕೆ ಬರ್ತಿದ್ಯಲ್ಲ. ಏನದು?"

ಅಪೇಕ್ಷಾ ಅಮ್ಮನ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಜಾಹ್ನವಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಐ ಡೋಂಟ್ ರಿಮೆಂಬರ್, ಅಮ್ಮ. ಇಟ್ಸ್ ಫೈನ್."

ತಟ್ಟೆ ತೊಳೆದಿಟ್ಟು ಹೋದಳು.

ನೆನಪಿದ್ದದ್ದು ಬೇರೆಯವರ ಮನೆಯಲ್ಲಿ ಸಿಕ್ಕಿತು. ಶೆರಿಲ್‌ಳ ತಾಯಿ ಅಂಬುಜಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಾರೆ, ಅವರೂ ಗಂಡ ಪೀಟರೂ ಮಂಗಳೂರಿನ ಕಡೆಯಿಂದ ಬಂದು ಇಲ್ಲಿ ಬೇರೂರಿ ಬಹಳ ಕಾಲವಾಯಿತು. ಹುಡುಗಿಯರು ಇಬ್ಬರೂ ಒಂದೇ ತರಗತಿ. ಮಗಳಿಗೆ ಶಾಲೆಯಲ್ಲಿ ಏನಾದರೂ ಆಗಿದೆಯೇ ಎಂದು ಜಾಹ್ನವಿ ಅವರಲ್ಲಿಗೆ ಹೋಗಿ ಕೇಳಿದಾಗ ಅಂಬುಜಾ ಒಲೆಯ ಉರಿ ಸಣ್ಣ ಮಾಡಿ ತಿರುಗಿ ನಿಂತರು.

"ನಿಮಗೆ ಗೊತ್ತುಂಟು ಅಂತ ಎಣಿಸಿದ್ದೆ ನಾನು. ಇದೇ ಮೇಜಿನಲ್ಲಿ ಕೂತು ಎಷ್ಟು ಸಲ ಅತ್ತಿದ್ದಾಳೆ ನಿಮ್ಮ ಮಗಳು."

ತರಗತಿಯ ಹುಡುಗರಿಗೆ ವಿಡಿಯೋ ಸಿಕ್ಕು ಎರಡು ವರ್ಷದ ಮೇಲಾಗಿತ್ತಂತೆ. ಮುಖ ಕಾಣದಿದ್ದರೇನು, ಅಷ್ಟುದ್ದದ ಜಡೆ ಶಾಲೆಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಾಯಲ್ಲಿ ಬಾಚಣಿಗೆಯ ಸದ್ದು ಮಾಡುವುದು, ಕಿವಿಯ ಹತ್ತಿರ ಬಂದು ಪಿಸುಗುಟ್ಟುವುದು, ಒಬ್ಬ ಜಡೆ ಹಿಡಿದು ಬಾಚುವುದು, ಇನ್ನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿಯುವುದು. ಟೀಚರಿಗೆ ಹೇಳು ಎಂದರೆ ಅಪೇಕ್ಷಾ ಒಪ್ಪುತ್ತಿರಲಿಲ್ಲವಂತೆ. ಹೇಳಿದರೆ ಅಮ್ಮನನ್ನು ಕರೆಸುತ್ತಾರೆ, ಅಮ್ಮನಿಗೆ ಗೊತ್ತಾಗುತ್ತದೆ. ಮೊದಮೊದಲು ಅಮ್ಮನಿಗೇ ಹೇಳಬೇಕೆಂದು ಶನಿವಾರಕ್ಕೆ ಕಾಯುತ್ತಿದ್ದಳಂತೆ. ಆಮೇಲೆ ಬಿಟ್ಟುಬಿಟ್ಟಳಂತೆ.

"ಯಾಕೆ ಬಿಟ್ಲು?" ಎಂದು ಜಾಹ್ನವಿ ಕೇಳಿದಳು.

ಅಂಬುಜಾ ಒಲೆ ಆರಿಸಿ ಹೇಳಿದರು. "ಅಮ್ಮನಿಗೆ ಇರುವುದೇ ಇದೊಂದು, ಆಂಟಿ, ಇದನ್ನೂ ಹೇಗೆ ಬಿಡಿಸುವುದು ಅಂತ ಹೇಳ್ತಿದ್ದಳು."

ಅವರು ಚಹಾ ಕೊಟ್ಟರು. ಜಾಹ್ನವಿ ಅದನ್ನು ಕುಡಿಯದೆ ಎದ್ದು ಬಂದಳು. ದಾರಿಯುದ್ದಕ್ಕೂ ತನ್ನ ಮೇಲೆ ತನಗೆ ಎಷ್ಟು ಅಸಹ್ಯವಾಯಿತೆಂದರೆ, ಗೇಟಿನಲ್ಲಿ ಕಾವಲುಗಾರ ಎಂದಿನಂತೆ ನಕ್ಕು ಸವಾ ಎಂದಾಗಲೂ ತಲೆ ತಗ್ಗಿಸಿಕೊಂಡು ಒಳಗೆ ನಡೆದಳು. ಮಗಳು ತನ್ನನ್ನು ನೋಯಿಸಬಾರದೆಂದು ಸಹಿಸಿದ್ದಳು. ತಾನು ಜಗತ್ತಿನವರಿಗೆಲ್ಲ ನಿದ್ದೆ ಬರಿಸುತ್ತಿದ್ದಾಗ ಚಾಪೆಯ ಮೇಲೆ ಕೂತವಳು ಬಾಯಿ ಬಿಗಿಹಿಡಿದು ತಾಯಿಯನ್ನು ಕಾಪಾಡುತ್ತಿದ್ದಳು.

'ಮೆಲ್ಲಗೆ' ಮುಚ್ಚಿತು. ಯಾರಿಗೂ ಏನೂ ಹೇಳದೆ ಎಲ್ಲ ವಿಡಿಯೋಗಳನ್ನು ತೆಗೆದಳು. ಮನಿಲಾದವಳಿಗೆ ಮಾತ್ರ ಒಂದು ಸಾಲು ಬರೆದಳು, ಹುಡುಗಿ ಆರೋಗ್ಯವಾಗಿದ್ದಾಳೆ ಎಂದು. ಸುನಿಲನೊಡನೆ ಶಾಲೆಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಕೂತು ಬಂದಳು. ಹುಡುಗರ ತಂದೆತಾಯಿಯರನ್ನು ಕರೆಸಿದರು, ಕ್ಷಮೆ ಕೇಳಿಸಿದರು, ಎಲ್ಲವೂ, ತಡವಾಗಿಯಾದರೂ, ಆಗಬೇಕಾದ ರೀತಿಯಲ್ಲಿ ಆಯಿತು. ಮಗಳ ಮುಂದೆ ತಪ್ಪೊಪ್ಪಿಕೊಂಡಳು. ಅಪೇಕ್ಷಾ ಅವಳನ್ನು ತಬ್ಬಿಕೊಂಡು ಬೆನ್ನು ಸವರಿದಳು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ. ಮೈಕು ಕಪಾಟು ಸೇರಿತು, ಜಡೆಯೂ ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಅದರ ಪಕ್ಕದಲ್ಲೇ ಇದೆ. ಶೂಟಿಂಗ್ ಇಲ್ಲದ ಮನೆಯಲ್ಲಿ ಫ್ರಿಜ್ಜು ಮತ್ತೆ ಗುಂಯ್‌ಗುಡುತ್ತಿದೆ. ಮಗಳು ಹೊರಗೆ ಹೋಗುವಾಗ ಬಾಯ್ ಎನ್ನುತ್ತಾಳೆ, ಬಂದಾಗ ಹಾಯ್ ಎನ್ನುತ್ತಾಳೆ. ಅದರ ನಡುವಿನದೆಲ್ಲ ಶೆರಿಲ್‌ಗೆ ಹೋಗುತ್ತದೆ.

ಮೊನ್ನೆ ಶನಿವಾರ ಜಾಹ್ನವಿ ಧೈರ್ಯ ಮಾಡಿ ಕೇಳಿದಳು, ಎಣ್ಣೆ ಹಚ್ಚಲಾ ಅಂತ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದಳು. ಅಪೇಕ್ಷಾ ಓಕೆ ಅಂದು, ಚಾಪೆ ತಾನೇ ಹಾಸಿ ಕೂತಳು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ.

ಜಾಹ್ನವಿ ಬೆಚ್ಚಗಿನ ಎಣ್ಣೆಯನ್ನು ಎಡದ ಅಂಗೈಗೆ ಸುರಿದುಕೊಂಡು ನೆತ್ತಿಗೆ ತಟ್ಟಿದಳು. ಅಳತೆ ಹಳೆಯದೇ ಇತ್ತು, ಸೊಂಟದ ಕೆಳಗಿನ ಜಡೆಯ ಅಳತೆ. ಮಗಳು ಮತ್ತೆ ಬೆಳೆಯಗೊಡದ ಗಿಡ್ಡ ಕೂದಲು ಅದರಲ್ಲಿ ಕಾಲು ಭಾಗವನ್ನೂ ಕುಡಿಯಲಿಲ್ಲ. ಉಳಿದದ್ದು ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯಿತು. ದುಪಟ್ಟಾದ ಅಂಚಿನಿಂದ ಒರೆಸಿದಳು, ಅದು ಮತ್ತೆ ಇಳಿಯಿತು. ರಸ್ತೆಯಲ್ಲಿ ಮಟಾಟುವೊಂದು ಹಾಡು ಹಾಕಿಕೊಂಡು ಹೋಯಿತು, ಮಹಡಿಯ ಮೇಲೆ ಹಡಾಡಾ ಅರಚಿತು. ಯಾವುದಕ್ಕೂ ಇಬ್ಬರೂ ಕದಲಲಿಲ್ಲ.

"ಮೈಕ್ ಇಲ್ಲ ಪುಟ್ಟಿ. ಏನಾದ್ರೂ ಮಾತಾಡು."

"ಐ ನೋ, ಅಮ್ಮ."

ಬಾಚಣಿಗೆ ನೆತ್ತಿಯಿಂದ ಹೊರಟು ಕೈ ಚಾಚುವ ಮುಂಚೆಯೇ ಗಾಳಿಗೆ ಬೀಳುತ್ತಿತ್ತು. ಸಿಕ್ಕು ಎಂಬುದೇ ಇರಲಿಲ್ಲ. ಆಗ ಅಪೇಕ್ಷಾ ಉಸಿರೆಳೆದುಕೊಂಡಳು. ಜಾಹ್ನವಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಅದನ್ನು ಅವಳು ಎಷ್ಟೋ ಸಲ ಹೊಲಿದಿದ್ದಳು. ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ಹೇಳು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಬಂದದ್ದು ಆಕಳಿಕೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿ, ಮುಂದೆ ನೋಡುತ್ತಲೇ ಕೇಳಿದಳು, "ಆಯ್ತಾ ಅಮ್ಮ?"

"ಇನ್ನೂ ಸ್ವಲ್ಪ ಇದೆ," ಎಂದಳು ಜಾಹ್ನವಿ, ಮತ್ತು ಬಾಚಲು ಏನೂ ಉಳಿದಿರದ ತಲೆಯ ಮೇಲೆ ಮತ್ತೊಂದು ಸಲ ಬಾಚಣಿಗೆ ಆಡಿಸಿದಳು.